ಸತ್ತ ಕೂಸು, ಅತ್ತ ಕೂಸು

ದುರ್ಗದಬೈಲಿನ ಹಿಂದಿನ ಓಣಿಯ ಮುದ್ರಣಾಲಯವೊಂದರಲ್ಲಿ ನಾನು ಇಪ್ಪತ್ತಾರು ವರ್ಷ ಅಕ್ಷರ ತಿದ್ದುವ ಕೆಲಸ ಮಾಡಿದೆ. ಲಗ್ನಪತ್ರಿಕೆ, ಬೀಜದಂಗಡಿಯ ಕರಪತ್ರ, ಶಾಲೆಗಳ ವಾರ್ಷಿಕ ಸಂಚಿಕೆ, ಏನೇ ಬಂದರೂ ಮೊದಲು ನನ್ನ ಮೇಜಿಗೆ ಬರುತ್ತಿತ್ತು. ಹಿಡಿದ ತಪ್ಪುಗಳಿಗೆ ಲೆಕ್ಕವಿಲ್ಲ. ಅವುಗಳಲ್ಲಿ ಒಂದೇ ಒಂದು ನನ್ನನ್ನು ತಿಂಗಳುಗಟ್ಟಲೆ ಕಾಡಿತು.

ನಮ್ಮ ಮನೆತನದವರು ನಡೆದುಕೊಳ್ಳುವ ಒಂದು ಸಣ್ಣ ಮಠವಿದೆ. ಅದನ್ನು ಕಟ್ಟಿದ ಸತ್ಪುರುಷನನ್ನು ನಾವೆಲ್ಲ ಬರೀ ‘ಅಜ್ಜ’ ಎನ್ನುತ್ತೇವೆ; ಅವನ ಸಮಾಧಿಯ ಗದ್ದಿಗೆಯೂ ಅಲ್ಲೇ ಇದೆ. ಅವನ ಮೇಲೆ ಯಾರೋ ಭಕ್ತರು ಪದ್ಯದಲ್ಲಿ ಬರೆದ ಪುರಾಣವನ್ನು ಪ್ರತಿ ಶ್ರಾವಣದಲ್ಲಿ ಓದುತ್ತಾರೆ. ಅಚ್ಚಾದ ಪುಸ್ತಕ ಹರಿದು ಹಣ್ಣಾಗಿತ್ತು. ಹೊಸದಾಗಿ ಅಚ್ಚು ಹಾಕಿಸಬೇಕೆಂದು ಮಠದ ಸ್ವಾಮಿಗಳು ನನ್ನನ್ನು ಕರೆಸಿದರು.

“ಇದರಾಗ ತಪ್ಪು ಭಾಳ ಅದಾವ್ರಿ. ಕೈಬರಹದ ಪ್ರತಿ ಎಲ್ಲೆರ ಸಿಕ್ರ ಇಟ್ಟು ನೋಡಿ ತಿದ್ರಿ,” ಎಂದರು.

ಆ ಪುರಾಣದ ಏಳನೆಯ ಸಂಧಿ ನಮ್ಮ ಮಂದಿಗೆಲ್ಲ ಬಾಯಿಪಾಠ. ಒಬ್ಬ ಬಡ ಹೆಂಗಸಿನ ಸತ್ತ ಕೂಸನ್ನು ಅಜ್ಜ ಎತ್ತಿಕೊಂಡು, ಮೈದಡವಿ, ಜೀವಂತವಾಗಿ ತಾಯಿಯ ಕೈಗೆ ಕೊಟ್ಟ ಪವಾಡ ಅದು. ನನ್ನ ಮಗಳು ದಿನ ತುಂಬುವ ಮೊದಲೇ ಹುಟ್ಟಿ ಮೂರು ವಾರ ಆಸ್ಪತ್ರೆಯ ಗಾಜಿನ ಪೆಟ್ಟಿಗೆಯಲ್ಲಿದ್ದಾಗ, ನಾನು ಹೊರಗಿನ ಬೆಂಚಿನ ಮೇಲೆ ಕುಳಿತು ಆ ಪದ್ಯವನ್ನೇ ಮತ್ತೆ ಮತ್ತೆ ಹೇಳಿಕೊಂಡಿದ್ದೆ. ಮಗಳು ಉಳಿದಳು. ಅಂದಿನಿಂದ ಆ ಪದ್ಯದ ಒಂದೊಂದು ಅಕ್ಷರವೂ ನನ್ನ ಪಾಲಿಗೆ ಖರೇ ಆಗಿತ್ತು.

ಕೈಬರಹದ ಒಂದು ಪ್ರತಿ ಸುಳ್ಳ ಎಂಬ ಊರಿನಲ್ಲಿ ನಮ್ಮ ದೊಡ್ಡವ್ವನ ಮನೆಯ ದೇವರ ಜಗಲಿಯ ಮೇಲೇ ಇತ್ತು. ತಲೆಮಾರುಗಳಿಂದ ಪೂಜೆ ಮಾಡುತ್ತಿದ್ದರು, ಬಿಚ್ಚಿ ಓದುತ್ತಿರಲಿಲ್ಲ. ಓದುವುದಕ್ಕೆ ಅಚ್ಚಿನ ಪುಸ್ತಕವಿತ್ತಲ್ಲ. ದೊಡ್ಡವ್ವ ತಾನೇ ಅರಿವೆಯ ಗಂಟು ಬಿಚ್ಚಿ ಕೊಟ್ಟಳು. ನಾನು ಒಂದೊಂದು ಹಾಳೆಯನ್ನೂ ಮೊಬೈಲಿನಲ್ಲಿ ಫೋಟೊ ತೆಗೆದುಕೊಂಡು ರಾಯಾಪುರದ ನನ್ನ ಮನೆಗೆ ಬಂದು ಹೋಲಿಸುತ್ತ ಕೂತೆ.

ಏಳನೆಯ ಸಂಧಿಗೆ ಬಂದಾಗ ಕಣ್ಣು ನಿಂತಿತು. ಅಚ್ಚಿನ ಪುಸ್ತಕದಲ್ಲಿ ‘ಸತ್ತ ಕೂಸು’. ಕೈಬರಹದಲ್ಲಿ ‘ಅತ್ತ ಕೂಸು’. ಫೋಟೊ ದೊಡ್ಡದು ಮಾಡಿ ನೋಡಿದೆ. ಅನುಮಾನವೇ ಇರಲಿಲ್ಲ, ಅದು ‘ಅ’. ಪ್ರಾಸ ಹಿಡಿದು ತೀರ್ಮಾನಿಸೋಣವೆಂದರೆ ಎರಡರಲ್ಲೂ ಎರಡನೆಯ ಅಕ್ಷರ ‘ತ್ತ’ವೇ. ಹಿಂದಿನ ಪದ್ಯ ಓದಿದೆ. ತಾಯಿ ಕೂಸನ್ನು ಮರದ ನೆರಳಿಗೆ ಮಲಗಿಸಿ ಕಳೆ ತೆಗೆಯಲು ಹೋಗಿದ್ದಳು ಎಂದಿತ್ತು. ಸತ್ತ ಕೂಸನ್ನು ಬಿಟ್ಟು ಯಾವ ತಾಯಿ ಕಳೆ ತೆಗೆಯುತ್ತಾಳೆ? ಪ್ರವಚನ ಮಾಡುವವರು ನಡುವೆ ಒಂದು ಹಾವು ತಂದು, ಅದರಿಂದ ಕಚ್ಚಿಸಿ ಕಥೆ ಸರಿ ಮಾಡುತ್ತಿದ್ದರು. ಪದ್ಯದಲ್ಲಿ ಹಾವೇ ಇಲ್ಲ. ದಾರಿಯಲ್ಲಿ ಹೋಗುತ್ತಿದ್ದ ಅಜ್ಜ ಅಳುವ ಕೂಸನ್ನು ಎತ್ತಿಕೊಂಡಿದ್ದಾನೆ, ರಮಿಸಿದ್ದಾನೆ, ತಾಯಿ ಬಂದಾಗ ಕೊಟ್ಟಿದ್ದಾನೆ. ಅಷ್ಟೇ.

ಕೆಳಗಿನ ಮೆಟ್ಟಿಲು ಯಾರೋ ತೆಗೆದಂತಾಯಿತು ನನಗೆ. ಇದು ಸುಳ್ಳಾದರೆ ಉಳಿದದ್ದೆಲ್ಲ? ಆ ಬೆಂಚಿನ ಮೇಲೆ ನಾನು ಕೂಗಿದ್ದು ಯಾರನ್ನು? ಒಂದು ವಾರ ದೇವರ ಮುಂದೆ ದೀಪ ಹಚ್ಚಿದೆ, ಮಾತು ಬರಲಿಲ್ಲ. ಸ್ವಾಮಿಗಳಿಗೆ ಹೇಳುವ ಧೈರ್ಯವಿರಲಿಲ್ಲ. ಕಡೆಗೆ ದೊಡ್ಡವ್ವನ ಬಳಿಗೇ ಹೋದೆ. ನನ್ನ ಶಾಲೆಯ ದಿನಗಳಲ್ಲಿ ಬೇಸಿಗೆಯ ರಜೆಗೆಲ್ಲ ನನ್ನನ್ನು ಇಟ್ಟುಕೊಂಡು ಈ ಪುರಾಣ ಓದಿಸಿದವಳು ಅವಳೇ.

ಪಡಸಾಲೆಯಲ್ಲಿ ಸೊಸೆಯ ಜೊತೆ ಶೇಂಗಾ ಸುಲಿಯುತ್ತ ಕೂತಿದ್ದಳು. ಸೊಸೆ ಚಹಾ ಮಾಡಲು ಒಳಗೆ ಹೋದಾಗ ನಾನು ಹೇಳಿದೆ.

“ದೊಡ್ಡವ್ವ, ಪುರಾಣದಾಗ ಒಂದು ಅಕ್ಷರ ತಪ್ಪೈತಿ.”

“ತಪ್ಪಿದ್ರ ತಿದ್ದು. ಅದಕ್ಯಾಕ ಇಷ್ಟು ಮಾರಿ ಸಣ್ಣದು ಮಾಡೀದಿ?”

ಎರಡೂ ಪಾಠ ಓದಿ ತೋರಿಸಿದೆ. ಶೇಂಗಾ ಸುಲಿಯುವ ಕೈ ನಿಂತಿತು.

“ಇನ್ನೊಮ್ಮೆ ಓದು.”

ಓದಿದೆ. ಮತ್ತೊಮ್ಮೆ ಓದಿಸಿದಳು. ಅವಳ ದೈವವನ್ನೇ ಕಸಿದೆನೇನೋ ಎಂದು ನಾನು ಹೆದರಿದೆ.

“ನಿಮಗ ಹುಡುಗರಿಗೆ ಯಾರೂ ಹೇಳಿಲ್ಲ,” ಎಂದಳು. “ನನ್ನ ಚೊಚ್ಚಲ ಕೂಸು ಹೆಣ್ಣು. ಐದು ತಿಂಗಳದ್ದು ಇತ್ತು. ಜ್ವರ ಬಂದು ಮೂರು ದಿನದಾಗ ಹೋತು. ನಾ ಅದನ್ನ ಒಯ್ದು ಅಜ್ಜನ ಗದ್ದಿಗಿ ಮುಂದ ಇಟ್ಟು ಕುಂತೆ. ಮುಂಜಾನಿಂದ ಹೊತ್ತು ಇಳಿಯೋತನಕ. ಪುರಾಣದಾಗಿನ ಕೂಸು ಎದ್ದೈತಿ, ನಂದೂ ಏಳತೈತಿ ಅಂತ. ಕಡೀಕ ನಿಮ್ಮ ದೊಡ್ಡಪ್ಪ ಬಂದು ಒಯ್ದ್ರು.”

ನಾನು ಅವಳ ಪಕ್ಕಕ್ಕೆ ಸರಿದು ಕೂತೆ.

“ಅಜ್ಜ ಆಕೀ ಕೂಸು ಎಬ್ಬಿಸಿದ, ನಂದು ಎಬ್ಬಿಸಲಿಲ್ಲ. ನನ್ನ ಭಕ್ತಿ ಕಡಿಮಿ ಬಿತ್ತು ಅಂತ ತಿಳಕೊಂಡೆ. ಇವತ್ತಿನತನಕ ಹಂಗ ತಿಳಕೊಂಡೇನಿ ನೋಡವ್ವಾ.”

“ಮತ್ತ ದಿನಾ ಓದ್ತಿದ್ದಿಯಲ್ಲ ದೊಡ್ಡವ್ವ?”

“ಓದ್ತಿದ್ದೆ. ಸಿಟ್ಟೂ ಇತ್ತು, ಬೈತಿದ್ದೆ. ಬೈಯಾಕಾದ್ರೂ ಅವ ಇರಬೇಕಲ್ಲ? ನಾ ಏನು ಆ ಅಕ್ಷರಕ್ಕ ಕೈ ಮುಗೀತಿದ್ದೆನೇನು?”

ನನ್ನ ಮಗಳ ವಿಷಯ ತೆಗೆದೆ. ಆ ಪದ್ಯದಿಂದಲೇ ಆಕೆ ಉಳಿದಳೆಂದು ಇಷ್ಟು ವರ್ಷ ನಂಬಿದ್ದೆ ಎಂದೆ. ದೊಡ್ಡವ್ವ ಸೆರಗಿನಿಂದ ಕಣ್ಣು ಒರೆಸಿಕೊಂಡಳು. “ನರ್ಸಬಾಯಿ ಒಬ್ಬಾಕಿ ಎದಿಗೆ ಅವಚಿಕೊಂಡು ಹನಿ ಹನಿ ಹಾಲು ಹಾಕಿದ್ಲು ಅಂತ ನೀನ ಹೇಳಿದ್ದಿ. ಅಳೋ ಕೂಸನ್ನ ಎತ್ತಿಕೊಳ್ಳೋದು ಸಣ್ಣ ಮಾತೇನು? ನನ್ನ ಕೂಸನ್ನೂ ಎಷ್ಟು ಮಂದಿ ಎತ್ತಿಕೊಂಡಿದ್ರು ಆ ಮೂರು ದಿನ.”

ಆದರೂ ನನ್ನ ಬುದ್ಧಿ ಸುಮ್ಮನಿರಲಿಲ್ಲ. ಹಳೆಯ ಅಕ್ಷರ ಅವಳ ಎದೆಯ ಭಾರ ಇಳಿಸುವ ಹಾಗೆ ಸಿಕ್ಕಿತು, ಸರಿ. ಅದು ಉಲ್ಟಾ ಇದ್ದಿದ್ದರೆ?

“ಕೈಬರಹದಾಗೂ ‘ಸತ್ತ’ ಅಂತನ ಇದ್ರ ಏನ್ ಮಾಡ್ತಿದ್ದಿ ದೊಡ್ಡವ್ವ?”

“ಇನ್ನೊಂದಿಷ್ಟು ದಿನ ಬೈತಿದ್ದೆ,” ಎಂದು ನಕ್ಕಳು.

ಮರುದಿನವೇ ಸ್ವಾಮಿಗಳ ಹತ್ತಿರ ಹೋದೆ. ನನಗಿಂತ ಚಿಕ್ಕವರು ಅವರು. ಎರಡೂ ಪ್ರತಿ ಮುಂದಿಟ್ಟುಕೊಂಡು ಓದಿದರು. “ಇಷ್ಟು ಶ್ರಾವಣ ನಾನೂ ಹಾವು ಕಡಿಸೀನ್ರಿ,” ಎಂದು ತಲೆ ಕೆರೆದುಕೊಂಡರು. ಅಲ್ಲೇ ಕೂತಿದ್ದ ಹಿರಿಯರೊಬ್ಬರಿಗೆ ಸಿಟ್ಟು ಬಂತು.

“ಪವಾಡ ತಗದ್ರ ಮಠಕ್ಕ ಯಾರು ಬರ್ತಾರ್ರಿ?”

“ಅಳೋರು ಬರ್ತಾರ್ರಿ,” ಎಂದರು ಸ್ವಾಮಿಗಳು. ಪದ್ಯದಲ್ಲಿ ‘ಅತ್ತ’ ಎಂದೇ ಇರಲಿ, ಹಿಂದಿನ ಅಚ್ಚಿನಲ್ಲಿ ‘ಸತ್ತ’ ಎಂದಿತ್ತೆಂದು ಅಡಿಯಲ್ಲಿ ಬರೆಯಿರಿ, ಯಾವುದನ್ನೂ ಮುಚ್ಚಿಡುವುದು ಬೇಡ ಎಂದು ಹೇಳಿ ಕಳಿಸಿದರು. ಆ ಹಿರಿಯರು ಒಂದು ವರ್ಷ ನನ್ನ ಜೊತೆ ಮಾತಾಡಲಿಲ್ಲ. ಈಗ ಮಾತಾಡುತ್ತಾರೆ, ಆದರೆ ಹಳೇ ಪುಸ್ತಕವನ್ನೇ ಓದುತ್ತಾರೆ. ಅವರ ಮೇಲೆ ನನಗೆ ಸಿಟ್ಟಿಲ್ಲ. ಅವರು ಯಾವ ಬೆಂಚಿನ ಮೇಲೆ ಕೂತು ಅದನ್ನು ಹೇಳಿಕೊಂಡಿದ್ದಾರೋ ನನಗೇನು ಗೊತ್ತು?

ಆ ಶ್ರಾವಣದಲ್ಲಿ ಹೊಸ ಪುಸ್ತಕದಿಂದ ಏಳನೆಯ ಸಂಧಿ ಓದಿದ ದಿನ ದೊಡ್ಡವ್ವನನ್ನು ನಾನೇ ಕರೆದುಕೊಂಡು ಹೋಗಿದ್ದೆ. ಓದು ಮುಗಿದ ಮೇಲೆ ಅವಳು ಗದ್ದಿಗೆಯ ಬಾಗಿಲವರೆಗೆ ನಡೆದು ನನ್ನ ತೋಳು ಹಿಡಿದು ನಿಂತಳು. ಕೂಸು ಹೋದ ದಿನದಿಂದ ಆ ಹೊಸ್ತಿಲು ದಾಟಿಲ್ಲ, ಹೊರಗಿನಿಂದಲೇ ಕೈಮುಗಿಯುತ್ತ ಬಂದಿದ್ದೇನೆ ಎಂದು ಆಗ ಹೇಳಿದಳು. ನಂತರ ತೋಳು ಬಿಟ್ಟು ಒಬ್ಬಳೇ ಒಳಗೆ ಹೋದಳು. ಗೋಡೆಗೆ ಒರಗಿ ಕಾಲು ಚಾಚಿ, ತವರುಮನೆಗೆ ಬಂದವಳ ಹಾಗೆ ಕೂತಳು. ಜನ ಊಟಕ್ಕೆ ಕೂತು ಎದ್ದರೂ ಅವಳು ಏಳಲಿಲ್ಲ. ನಾನು ಹೊರಗೆ ಕಾಯುತ್ತ ನಿಂತಿದ್ದೆ. ಎಷ್ಟೋ ತಿಂಗಳ ನಂತರ ನನಗೂ ಆವತ್ತು ಪ್ರಾರ್ಥನೆಯ ಮಾತು ಬಂತು. ಬೇಡಿಕೊಳ್ಳುವುದು ಏನೂ ಇರಲಿಲ್ಲ. ಮಗಳನ್ನು ಎತ್ತಿಕೊಂಡ ಆ ನರ್ಸಿಗೆ, ನನ್ನನ್ನು ಬೆಳೆಸಿದ ಈ ಮುದುಕಿಗೆ, ‘ಅ’ ಎಂದು ಸ್ಪಷ್ಟವಾಗಿ ಬರೆದಿಟ್ಟ ಹೆಸರಿಲ್ಲದ ಆ ಕೈಗೆ ಶರಣೆಂದೆ. ಅನುಮಾನಗಳು ಪೂರ್ತಿ ಹೋಗಿಲ್ಲ. ಇರಲಿ, ಅವುಗಳ ಜೊತೆಗೇ ದೀಪ ಹಚ್ಚುತ್ತೇನೆ.

ಸುಳ್ಳದ ಬಸ್ಸಿನಲ್ಲಿ ದೊಡ್ಡವ್ವ ಕಿಟಕಿಯ ಪಕ್ಕ ಕೂತಳು. ಅರ್ಧ ದಾರಿಯಲ್ಲಿ ಒಮ್ಮೆಲೇ ನನ್ನ ಕಡೆ ತಿರುಗಿದಳು.

“ಆಕೀಗೆ ಭಾಳ ಕೂದಲಿತ್ತು ನೋಡು. ಐದು ತಿಂಗಳಿಗೇ ಜುಟ್ಟು ಕಟ್ತಿದ್ದೆ.”

ಊರು ಬರುವತನಕ ತನ್ನ ಮಗಳ ವಿಷಯವನ್ನೇ ಹೇಳಿದಳು.