ಎರಡು ಸೀಟಿನ ಕಾರು

ಆ ವರ್ಕ್‌ಶಾಪಿನಲ್ಲಿ ಆಕೆಯನ್ನು ಎಲ್ಲರೂ ಅಕ್ಕ ಎನ್ನುತ್ತಿದ್ದರು. ನಿಜವಾಗಿ ಆಕೆ ಅಕ್ಕನಾಗಿದ್ದುದು ಯಜಮಾನನೊಬ್ಬನಿಗೆ ಮಾತ್ರ. ಮದುವೆಯಾದ ಎರಡನೆಯ ವರ್ಷಕ್ಕೇ ಗಂಡನ ಮನೆ ಸಾಕೆನಿಸಿ ಒಂದು ಸೂಟ್‌ಕೇಸ್ ಹಿಡಿದು ತವರಿಗೆ ಬಂದಾಗ, ತಮ್ಮ ಆಗಷ್ಟೇ ವರ್ಕ್‌ಶಾಪ್ ತೆರೆದಿದ್ದ. ಬಾಗಿಲ ಪಕ್ಕದ ಮೇಜು ಖಾಲಿ ಇತ್ತು, ಆಕೆ ಅಲ್ಲಿ ಕೂತಳು. ಮೂವತ್ತೊಂದು ವರ್ಷ ಕೂತೇ ಇದ್ದಳು. ಬಂದ ಗಾಡಿಯ ನಂಬರು, ಮಾಲೀಕ ಹೇಳಿದ ತೊಂದರೆ, ಕೊಡಬೇಕಾದ ದಿನ, ಇಷ್ಟನ್ನು ಉದ್ದನೆಯ ಹಳದಿ ಚೀಟಿಯಲ್ಲಿ ಬರೆದು ಮೊಳೆಗೆ ಸಿಕ್ಕಿಸುವುದು ಆಕೆಯ ಕೆಲಸ. ಊರಿಗೆ ಗೊತ್ತಿದ್ದುದು ಇಷ್ಟೇ.

ತಮ್ಮನಿಗೆ ಊರು ಕೊಟ್ಟ ಹೆಸರು ಕಿವಿ ಮೇಷ್ಟ್ರು. ಗಾಡಿಯಲ್ಲಿ ಎಲ್ಲೋ ಕಿರ್ ಎನ್ನುತ್ತದೆ, ಟಕ್ ಎನ್ನುತ್ತದೆ, ಎಲ್ಲಿಂದ ಬರುತ್ತಿದೆಯೋ ಯಾರಿಗೂ ತಿಳಿಯುತ್ತಿಲ್ಲ ಎಂದಾಗ ಜನ ಅವನ ಹತ್ತಿರ ಬರುತ್ತಿದ್ದರು. ಅವನು ಗಾಡಿಯನ್ನು ಒಂದು ಸುತ್ತು ಓಡಿಸಿಕೊಂಡು ಬಂದು, ಇಳಿದು, ಕಣ್ಣು ಅರ್ಧ ಮುಚ್ಚಿ ನಿಂತು, ನಾಲ್ಕು ಚಕ್ರಗಳಲ್ಲಿ ಒಂದರ ಮೇಲಿನ ಮಡ್ಗಾರ್ಡಿಗೆ ಅಂಗೈ ತಟ್ಟಿ "ಇಲ್ಲಿದೆ" ಎನ್ನುತ್ತಿದ್ದ. ಬಿಚ್ಚಿ ನೋಡಿದರೆ ಅಲ್ಲೇ ಇರುತ್ತಿತ್ತು. ಅವನು ಕೈ ತಟ್ಟಿದ ಮೇಲೆ ಬೇರೆ ಕಡೆ ಯಾರೂ ಪಾನಾ ಹಾಕಿ ಬಿಚ್ಚಬಾರದು. ಅದು ಆ ವರ್ಕ್‌ಶಾಪಿನ ಕಾನೂನು.

ಆ ಸುತ್ತಿನಲ್ಲಿ ಅಕ್ಕ ಯಾವಾಗಲೂ ಹಿಂದಿನ ಸೀಟಿನಲ್ಲಿ ಇರುತ್ತಿದ್ದಳು. ಯಾಕೆಂದು ಯಾರೂ ಕೇಳಲಿಲ್ಲ. ದಾರಿಯಲ್ಲಿ ತರಕಾರಿ ತರುತ್ತಾಳೆ, ಗಾಳಿಗೆ ಹೋಗುತ್ತಾಳೆ ಎಂದುಕೊಂಡಿದ್ದರು. ಆಕೆ ಚಪ್ಪಲಿ ಕಳಚಿ ಬರಿಗಾಲನ್ನು ಗಾಡಿಯ ನೆಲಕ್ಕೆ ಒತ್ತಿ ಕೂರುತ್ತಿದ್ದಳು. ಕಿವಿಗೆ ಬರುವ ಸದ್ದು ಸುಳ್ಳು ಹೇಳಬಹುದು, ತಗಡು ಅದನ್ನು ಎಲ್ಲಿಂದ ಎಲ್ಲಿಗೋ ಹೊತ್ತು ತರುತ್ತದೆ. ಅಂಗಾಲಿಗೆ ತಟ್ಟುವ ಸದ್ದು ಅಷ್ಟು ಸುಲಭವಾಗಿ ಜಾಗ ಬದಲಿಸುವುದಿಲ್ಲ. ಇಳಿಯುವಾಗ ಆಕೆಯ ಕಪ್ಪು ಬ್ಯಾಗು ಎಡ ಭುಜದಲ್ಲಿದ್ದರೆ ತೊಂದರೆ ಎಡಗಡೆ, ಬಲ ಭುಜದಲ್ಲಿದ್ದರೆ ಬಲಗಡೆ. ಭುಜದಲ್ಲಿದ್ದರೆ ಮುಂದೆ, ಅದೇ ಕಡೆಯ ಕೈಯಲ್ಲಿ ಹಿಡಿದಿದ್ದರೆ ಹಿಂದೆ. ತಮ್ಮ ಓರೆಗಣ್ಣಿನಿಂದ ಬ್ಯಾಗು ನೋಡಿ ಕೈ ತಟ್ಟುತ್ತಿದ್ದ. ಉಳಿದ ವಿವರವನ್ನು ಆಕೆ ಒಳಗೆ ಹಳದಿ ಚೀಟಿಯಲ್ಲಿ ಬರೆದುಕೊಡುತ್ತಿದ್ದಳು.

ಅವನ ಕಿವಿ ಮೂವತ್ತು ತುಂಬುವ ಮೊದಲೇ ಹೋಗತೊಡಗಿತ್ತು. ತಗಡು ಬಡಿಯುವ ಸುತ್ತಿಗೆ, ನಟ್ಟು ಬಿಚ್ಚುವ ಗಾಳಿಯ ಗನ್ನು, ದಿನಕ್ಕೆ ಹತ್ತು ಗಂಟೆ. ಮೊದಲು ಹೋದದ್ದು ಸಣ್ಣ ಸದ್ದುಗಳು. ಒಂದು ದಿನ ಗಿರಾಕಿಯ ಎದುರು ಅವನು ಬಲಗಡೆ ಎಂದ, ಆಕೆ ನಕ್ಕು ಎಡಗಡೆ ಎಂದಳು. ಹೆಂಗಸರಿಗೆ ಇದರ ಉಸಾಬರಿ ಯಾಕೆ ಎಂದು ಅವನು ಎಲ್ಲರೆದುರು ಹರಿಹಾಯ್ದ. ಬಿಚ್ಚಿದಾಗ ಎಡಗಡೆಯೇ ಇತ್ತು. ಸಂಜೆ ಕೈತೊಳೆಯುತ್ತ, ಅವಳ ಮುಖ ನೋಡದೆ ಹೇಳಿದ: "ನಾಳೆಯಿಂದ ನೀನೂ ಬಾ. ಆದ್ರೆ ಬಾಯಿ ಬಿಡಬೇಡ." ಬ್ಯಾಗಿನ ಏರ್ಪಾಡು ಆಮೇಲೆ ತಾನಾಗಿ ಬೆಳೆಯಿತು. ಅವನ ಕಿವಿಯ ಬಗ್ಗೆ ಅವರಿಬ್ಬರ ನಡುವೆ ಒಂದೇ ಒಂದು ಮಾತೂ ಆಗಲಿಲ್ಲ, ಅಂದೂ ಇಲ್ಲ, ನಂತರವೂ ಇಲ್ಲ. ಮನೆಯಲ್ಲಿ ಅವನಿಗೆ ಕೇಳಿಸದಿದ್ದರೆ ಹೆಂಡತಿ ಅದನ್ನು ಗಂಡಸರ ಅಸಡ್ಡೆ ಎಂದುಕೊಂಡಳು. ಎಷ್ಟೋ ಹೆಂಡತಿಯರು ಹಾಗೆ ಅಂದುಕೊಳ್ಳುವುದರಿಂದ ಅದರಲ್ಲಿ ಯಾರಿಗೂ ವಿಶೇಷ ಕಾಣಲಿಲ್ಲ.

ಇದೆಲ್ಲ ಹೀಗೇ ನಡೆದುಹೋಗುತ್ತಿತ್ತೇನೋ. ಆದರೆ ತಮ್ಮ ಹೊಸ ಬೋರ್ಡು ಬರೆಸಲು ಹೊರಟ. ನೀಲಿ ಬಣ್ಣದ ಹಲಗೆ, ಮಧ್ಯದಲ್ಲಿ ದೊಡ್ಡದೊಂದು ಕಿವಿಯ ಚಿತ್ರ, ಕೆಳಗೆ "ಕಿವಿ ಮೇಷ್ಟ್ರು". ಚಿತ್ರ ಬರೆಯುವವನು ನಕ್ಷೆ ತೋರಿಸಿ ಹೋದ ಮೇಲೆ ಆಕೆ ಒಂದು ಮಾತು ಕೇಳಿದಳು. ಆಯಸ್ಸಿನಲ್ಲಿ ತಮ್ಮನನ್ನು ಕೇಳಿದ್ದು ಅದೊಂದೇ ಎನ್ನಬಹುದು. 'ಅಕ್ಕ ತಮ್ಮ' ಎಂದು ಬರೆಸಿದರೆ ಹೇಗೆ?

ಅವನಿಗೆ ಎರಡು ಸಲ ಹೇಳಬೇಕಾಯಿತು. ಕೇಳಿಸಿದ ಮೇಲೆ ನಿಜವಾಗಿಯೇ ಆಶ್ಚರ್ಯಪಟ್ಟ.

"ಅದ್ರಲ್ಲಿ ನಿಂದೇನಿದೆ? ಜೊತೆಗೆ ಬರ್ತೀಯ, ಅಷ್ಟೇ ತಾನೇ?"

ಆಕೆ ಅವನ ಮುಖವನ್ನು ಚೆನ್ನಾಗಿ ನೋಡಿದಳು. ಅವನು ಸುಳ್ಳು ಹೇಳುತ್ತಿರಲಿಲ್ಲ. ಅಷ್ಟು ವರ್ಷ ಕೈ ತಟ್ಟಿ ತಟ್ಟಿ, ಪತ್ತೆ ಮಾಡುತ್ತಿರುವುದು ತನ್ನ ಕಿವಿಯೇ ಎಂದು ಅವನು ನಂಬಿಬಿಟ್ಟಿದ್ದ. ಬ್ಯಾಗು ನೋಡುವುದು ಅವನಿಗೆ ಕನ್ನಡಕ ಸರಿಮಾಡಿಕೊಳ್ಳುವಷ್ಟು ಸಹಜವಾಗಿತ್ತು. ಕದ್ದವನಿಗೆ ಕದ್ದೆನೆಂಬ ಅಳುಕಾದರೂ ಇರುತ್ತದೆ. ಇವನಿಗೆ ಅದೂ ಇರಲಿಲ್ಲ.

ಅದೇ ವಾರ ಊರಿನ ಕಣ್ಣಿನ ಡಾಕ್ಟರು ಸ್ಪೋರ್ಟ್ಸ್ ಕಾರೊಂದನ್ನು ತಂದರು. ಬೂದುಬಣ್ಣದ್ದು, ನೆಲಕ್ಕೆ ಹೊಟ್ಟೆ ತಾಗಿಸಿಕೊಂಡು ಮಲಗಿದಂಥದ್ದು. ನಿಧಾನವಾಗಿ ತಿರುಗಿಸುವಾಗ ಮುಂದೆಲ್ಲೋ ಟಕ್ ಎನ್ನುತ್ತದೆ, ಸ್ಟಿಯರಿಂಗಿನಲ್ಲಿ ಅದು ಕೈಗೂ ತಟ್ಟುತ್ತದೆ, ಒಮ್ಮೆ ಬಂದರೆ ಒಮ್ಮೆ ಬರುವುದಿಲ್ಲ. ಮೂರು ಕಡೆ ತೋರಿಸಿಯಾಗಿತ್ತು. ಇಂಥ ಕಾರುಗಳನ್ನಿಟ್ಟುಕೊಂಡವರದೊಂದು ಗುಂಪಿತ್ತು, ಡಾಕ್ಟರು ಅದರ ಮುಂದಾಳು. "ನಿಮ್ಮ ಕಿವಿ ಹಿಡಿದುಬಿಟ್ಟರೆ ಎಲ್ಲರನ್ನೂ ಇಲ್ಲಿಗೇ ಕಳಿಸ್ತೀನಿ ಮೇಷ್ಟ್ರೇ" ಎಂದರು. ಕೀಲಿಕೈಯನ್ನು ಮಾತ್ರ ಯಾರ ಕೈಗೂ ಕೊಡುವವರಲ್ಲ, ತಾವೇ ಓಡಿಸಬೇಕು. ಕಾರಿನಲ್ಲಿ ಇದ್ದುದು ಎರಡೇ ಸೀಟು.

ತಮ್ಮ ಒಮ್ಮೆ ಕಾರಿನೊಳಗೆ ಇಣುಕಿದ, ಒಮ್ಮೆ ಅಕ್ಕನ ಕಡೆ ನೋಡಿದ. ಆಕೆ ಚೀಟಿ ಬರೆಯುತ್ತಿದ್ದಳು, ತಲೆ ಎತ್ತಲಿಲ್ಲ. ಅವನು ಅಕ್ಕನಿಲ್ಲದೆ ಡಾಕ್ಟರ ಜೊತೆ ಹೋಗಿ ಬಂದ. ಇಳಿದು, ಕಣ್ಣು ಅರ್ಧ ಮುಚ್ಚಿ, ಸ್ವಲ್ಪ ಹೆಚ್ಚೇ ಹೊತ್ತು ನಿಂತು, ಮುಂದಿನ ಎರಡೂ ಕಡೆ ಕೈ ತಟ್ಟಿದ. ಶಾಕ್ ಅಬ್ಸಾರ್ಬರಿನ ಮೇಲ್ತುದಿಯನ್ನು ಕಾರಿನ ಮೈಗೆ ಹಿಡಿದಿಡುವ ಮೌಂಟುಗಳು ಸವೆದಿವೆ ಎಂದ. ಎರಡನ್ನೂ ತರಿಸಿ ಹಾಕಿಯಾಯಿತು. ಒಳ್ಳೆಯ ಊಹೆಯೇ, ಹತ್ತರಲ್ಲಿ ನಾಲ್ಕು ಸಲ ನಿಜವಾಗುವಂಥದ್ದು. ಇದು ಉಳಿದ ಆರರಲ್ಲಿ ಸೇರಿತು. ನಾಲ್ಕನೆಯ ದಿನ ಡಾಕ್ಟರು ಅದೇ ಟಕ್ಕನ್ನು ಹೊತ್ತುಕೊಂಡು ವಾಪಸು ಬಂದರು. ಈ ಸಲ ಮುಖದಲ್ಲಿ ನಗು ಕಡಿಮೆ ಇತ್ತು.

ಇನ್ನೊಂದು ಸುತ್ತು ಬನ್ನಿ ಎಂದಾಗ ತಮ್ಮನಿಗೆ ಇದ್ದಕ್ಕಿದ್ದಂತೆ ಸೊಂಟ ಹಿಡಿಯಿತು. ಅಷ್ಟು ತಗ್ಗಿನ ಸೀಟಿಗೆ ಬಗ್ಗಲಾರೆ ಎಂದ. "ಅಕ್ಕ ಬರ್ತಾಳೆ, ಸದ್ದು ಹೇಗಿದೆ ಅಂತ ಕೇಳ್ಕೊಂಡು ಬರ್ತಾಳೆ. ಪತ್ತೆ ನಾನು ಮಾಡ್ತೀನಿ." ಡಾಕ್ಟರಿಗೆ ಇದು ತಮಾಷೆಯಾಗಿ ಕಂಡಿತು. ಕಾಯಿಲೆ ನನ್ನದು, ಔಷಧಿ ಕುಡಿಯೋದು ಅಕ್ಕ ಅಂದ ಹಾಗಾಯಿತು ಎಂದು ಗೊಣಗಿ ಬಾಗಿಲು ತೆರೆದರು.

ಐವತ್ತೆಂಟರ ಆಕೆ ಆ ಸೀಟಿಗೆ ಇಳಿದದ್ದು ಬಾವಿಗೆ ಇಳಿದ ಹಾಗಿತ್ತು. ಚಪ್ಪಲಿ ಕಳಚಿದಾಗ ಡಾಕ್ಟರು ಕಾರು ಗಲೀಜಾಗುತ್ತದೆಂದು ತೆಗೆದಿರಬೇಕೆಂದುಕೊಂಡು, ಪರವಾಗಿಲ್ಲ ಹಾಕ್ಕೊಳ್ಳಿ ಎಂದರು. ಆಕೆ ಹಾಕಿಕೊಳ್ಳಲಿಲ್ಲ. ಮಾರುಕಟ್ಟೆಯ ಹಿಂದಿನ ಖಾಲಿ ಮೈದಾನಕ್ಕೆ ಕರೆದುಕೊಂಡು ಹೋಗಲು ಹೇಳಿದಳು. ಎಡಕ್ಕೆ ತಿರುಗಿಸಿ ಎಂದಳು. ಟಕ್. ಇನ್ನೊಮ್ಮೆ ಎಡಕ್ಕೆ. ಇಲ್ಲ. ಮತ್ತೂ ಒಮ್ಮೆ ಎಡಕ್ಕೆ. ಇಲ್ಲ. ಈಗ ಬಲಕ್ಕೆ ತಿರುಗಿಸಿ, ಆಮೇಲೆ ಎಡಕ್ಕೆ ಬನ್ನಿ. ಟಕ್. ಹಿಂದಕ್ಕೆ ಹೋಗಿ ಬ್ರೇಕ್ ಒತ್ತಿ, ಮುಂದಕ್ಕೆ ಬಂದು ಬ್ರೇಕ್ ಒತ್ತಿ. ಟಕ್.

ಸವೆದ ಭಾಗವಾದರೆ ಪ್ರತಿಸಲ ಸದ್ದು ಮಾಡುತ್ತದೆ. ಇದು ಹಾಗಲ್ಲ. ಭಾರ ಒಂದು ಕಡೆಗೆ ಬಿದ್ದಾಗ ಏನೋ ಜರುಗುತ್ತದೆ, ಜರುಗಿದಲ್ಲೇ ಕೂರುತ್ತದೆ, ಭಾರ ತಿರುಗಿದ ಮೇಲಷ್ಟೇ ಹಿಂದಕ್ಕೆ ಬರುತ್ತದೆ. ಅಂಗಾಲಿಗೆ ಅದು ತಟ್ಟುತ್ತಿದ್ದುದು ಎಡಗಡೆ, ಚಕ್ರದ ಹತ್ತಿರವಲ್ಲ, ಅದಕ್ಕಿಂತ ಒಂದು ಮೊಳ ಹಿಂದೆ.

"ಈ ಸದ್ದು ಶುರುವಾಗಿದ್ದು ಯಾವಾಗ?" ಎಂದು ಕೇಳಿದಳು.

"ಸ್ಟಿಯರಿಂಗ್ ಬಾಕ್ಸ್‌ನಲ್ಲಿ ಎಣ್ಣೆ ಸೋರ್ತಿತ್ತು, ಬೇರೆ ಕಡೆ ಬದಲಾಯಿಸಿದ್ರು. ಆವಾಗ್ಲಿಂದ. ಮೇಷ್ಟ್ರಿಗೆ ಹೇಳಿದ್ನಲ್ಲ? ಇದೇ ಸೀಟಲ್ಲಿ ಕೂತು ತಲೆ ಆಡಿಸಿದ್ರು."

ಆಕೆಗೆ ಹೊಳೆಯಿತು. ಸ್ಟಿಯರಿಂಗ್ ಬಾಕ್ಸ್ ತೆಗೆಯಬೇಕಾದರೆ ಅದನ್ನೂ ಚಕ್ರದ ತೋಳುಗಳನ್ನೂ ಹೊತ್ತಿರುವ ಎಂಜಿನ್ನಿನ ಕೆಳಗಿನ ಕಬ್ಬಿಣದ ಚೌಕಟ್ಟನ್ನು ಇಳಿಸಬೇಕು. ಮತ್ತೆ ಏರಿಸುವಾಗ ನಾಲ್ಕು ಬೋಲ್ಟುಗಳಲ್ಲಿ ಒಂದನ್ನು ಪೂರಾ ಬಿಗಿ ಮಾಡಿಲ್ಲ. ಎಡಗಡೆ, ಹಿಂದಿನದು. ಹೊಸ ಸಾಮಾನು ಬೇಡ, ಹತ್ತು ನಿಮಿಷದ ಕೆಲಸ. ಮಾತು ಕಿವಿಗೆ ಬಿದ್ದಿದ್ದರೆ ತಮ್ಮನೂ ಮೊದಲ ದಿನವೇ ಹಿಡಿಯುತ್ತಿದ್ದ. ಕೆಲಸ ಗೊತ್ತಿಲ್ಲದವನಲ್ಲ.

ವಾಪಸು ಬರುವಾಗ ಬ್ಯಾಗು ತೊಡೆಯ ಮೇಲಿತ್ತು. ಒಳಗೆ ಒಂದು ಬಾಚಣಿಗೆ, ಕನ್ನಡಕದ ಡಬ್ಬಿ. ಪಟ್ಟಿಯನ್ನು ಎಡ ಭುಜಕ್ಕೆ ಹಾಕಿಕೊಂಡರೆ ಸಾಕು, ತಮ್ಮ ಕೈ ತಟ್ಟುತ್ತಾನೆ, ಡಾಕ್ಟರು ಬೆರಗಾಗುತ್ತಾರೆ, ನೀಲಿ ಬೋರ್ಡು ಮೇಲೇರುತ್ತದೆ. "ಜೊತೆಗೆ ಬರ್ತೀಯ, ಅಷ್ಟೇ ತಾನೇ?"

ಇಳಿದಾಗ ಬ್ಯಾಗು ಬಲ ಭುಜದಲ್ಲಿತ್ತು. ಅಷ್ಟು ತಗ್ಗಿನ ಸೀಟಿನಿಂದ ಏಳುವ ಗಡಿಬಿಡಿಯಲ್ಲಿ ಹಾಗಾಯಿತೆಂದು ಆಮೇಲೆ ಹೇಳಿಕೊಳ್ಳಬಹುದಿತ್ತು. ಆಕೆ ಯಾರಿಗೂ ಹಾಗೆ ಹೇಳಲಿಲ್ಲ. ಬ್ಯಾಗು ಎಲ್ಲಿದೆ ಎಂದು ಆಕೆಗೆ ಚೆನ್ನಾಗಿ ಗೊತ್ತಿತ್ತು.

ಕಾರಿನ ಆಚೆ ಬದಿಯಲ್ಲಿ ತಮ್ಮ ನಿಂತಿದ್ದ. ಮೂಲೆಯಲ್ಲಿ ಗಾಳಿಯ ಕಂಪ್ರೆಸರ್ ಗುರುಗುಡುತ್ತಿತ್ತು. ಆಕೆ ಡಾಕ್ಟರ ಕಡೆ ತಿರುಗಿ, ಜೋರಾಗಿಯೂ ಅಲ್ಲದೆ ಮೆಲ್ಲಗೂ ಅಲ್ಲದೆ ಹೇಳಿದಳು: "ಎಡಗಡೆ. ಕೆಳಗಿನ ಚೌಕಟ್ಟಿನ ಹಿಂದಿನ ಬೋಲ್ಟ್ ಸಡಿಲ ಇದೆ. ಬಿಗಿ ಮಾಡಿದ್ರೆ ಮುಗೀತು."

ಇಬ್ಬರು ಮೆಕ್ಯಾನಿಕ್ಕರು ಕೆಲಸ ಬಿಟ್ಟು ತಲೆ ಎತ್ತಿದರು. ಅಕ್ಕ ಬಾಯಿ ಬಿಟ್ಟದ್ದನ್ನು ಅವರು ಕಂಡವರಲ್ಲ.

ತಮ್ಮ ಬ್ಯಾಗು ನೋಡಿದ. ಕಣ್ಣು ಅರ್ಧ ಮುಚ್ಚಿದ. ನಾಲ್ಕು ಹೆಜ್ಜೆ ನಡೆದು ಬಲಗಡೆಯ ಮಡ್ಗಾರ್ಡಿಗೆ ಅಂಗೈ ತಟ್ಟಿದ. "ಇಲ್ಲಿದೆ. ನಾನು ಆವತ್ತೇ ಅಂದ್ಕೊಂಡಿದ್ದೆ."

ಡಾಕ್ಟರು ಒಮ್ಮೆ ಅವನನ್ನು, ಒಮ್ಮೆ ಆಕೆಯನ್ನು ನೋಡಿದರು. "ಮೇಷ್ಟ್ರೇ, ನಿಮ್ಮಕ್ಕ ಎಡಗಡೆ ಅಂತಿದ್ದಾರಲ್ಲ."

ತಮ್ಮ ನಗುತ್ತ ತಲೆಯಾಡಿಸಿದ. "ಹೌದ್ಹೌದು, ಅದೇ."

ಯಾರೋ ಹೋಗಿ ಕಂಪ್ರೆಸರ್ ಆರಿಸಿದರು. ಆ ಮೌನವೂ ಅವನಿಗೆ ತಿಳಿದಂತೆ ಕಾಣಲಿಲ್ಲ. ಕೈ ಇನ್ನೂ ಬಲಗಡೆಯ ಮಡ್ಗಾರ್ಡಿನ ಮೇಲೇ ಇತ್ತು. ಡಾಕ್ಟರು ಆ ಕೈಯನ್ನೂ ಆಕೆಯ ಬಲ ಭುಜದ ಬ್ಯಾಗನ್ನೂ ನೋಡಿ ಪೂರ್ತಿ ಅರ್ಥ ಮಾಡಿಕೊಂಡರು. ಕಣ್ಣಿನವರಾದರೂ ಡಾಕ್ಟರೇ ಅಲ್ಲವೇ? ಕೊನೆಗೆ ಮೆಕ್ಯಾನಿಕ್ಕರು ಕಾರನ್ನು ಮೇಲೆತ್ತಿ ಎಡಗಡೆಯ ಬೋಲ್ಟಿಗೆ ಪಾನಾ ಹಾಕಿದರು. ಅದು ಸುಲಭವಾಗಿ ಮುಕ್ಕಾಲು ಸುತ್ತು ತಿರುಗಿತು. ತಮ್ಮ ಅದನ್ನು ನೋಡಿದ, ಆಮೇಲೆ ಬ್ಯಾಗನ್ನು ನೋಡಿದ, ಆಮೇಲೆ ಅಕ್ಕನ ಮುಖ ನೋಡಿದ. ಕೈತೊಳೆಯಲು ಹೋದ.

ಹೊರಡುವಾಗ ಡಾಕ್ಟರು ಆಕೆಗೆ ಥ್ಯಾಂಕ್ಸ್ ಹೇಳಿ ಹೋದರು. ಇನ್ನು ತನ್ನನ್ನು ಕೇಳಿಕೊಂಡು ಜನ ಬರುತ್ತಾರೆ ಎಂದು ಆಕೆ ಎರಡು ವಾರ ಕಾದಳು. ಬಂದದ್ದು ಕಥೆ. ಕಿವುಡು ಮೇಷ್ಟ್ರು ಬ್ಯಾಗು ನೋಡಿ ಸದ್ದು ಕೇಳುವ ಕಥೆಯನ್ನು ಡಾಕ್ಟರು ಕಾರಿನವರ ಗುಂಪಿನಲ್ಲಿ ಚೆನ್ನಾಗಿ ಅಭಿನಯಿಸಿ ತೋರಿಸಿದ್ದರಂತೆ. ಗುಂಪಿನಿಂದ ಅದು ಪೆಟ್ರೋಲ್ ಬಂಕಿಗೆ ಬಂತು, ಅಲ್ಲಿಂದ ಊರಿಗೆ. ಗಿರಾಕಿಗಳು ತೆಳುವಾದರು. ಒಬ್ಬ ಮಾತ್ರ ಫೋನ್ ಮಾಡಿ, ನಿಮ್ಮಲ್ಲಿ ಕಿವಿ ಸರಿ ಇರುವ ಗಂಡಸರು ಯಾರಾದರೂ ಇದ್ದಾರೆಯೇ ಎಂದು ಕೇಳಿದ. ಫೋನ್ ಎತ್ತಿದವಳು ಆಕೆಯೇ. ಇಲ್ಲ ಎಂದು ಇಟ್ಟಳು. ನೀಲಿ ಬೋರ್ಡು ಬಣ್ಣ ಒಣಗಿ ಬಂತು. ಅದನ್ನು ಗೋಡೆಗೆ ಮುಖಮಾಡಿ ನಿಲ್ಲಿಸಿದರು.

ತಮ್ಮ ಮಾತು ಬಿಟ್ಟ. ತಮ್ಮನ ಹೆಂಡತಿ ಬಿಡಲಿಲ್ಲ. ಒಂದು ಮಧ್ಯಾಹ್ನ ಆಕೆಯ ತಟ್ಟೆಗೆ ಅನ್ನ ಬಡಿಸುತ್ತ ಹೇಳಿದಳು: "ಮೂವತ್ತು ವರ್ಷ ನುಂಗಿದ್ರಿ. ಅದೊಂದು ಮಾತು ನುಂಗೋಕೆ ಗಂಟಲು ಸಾಲಲಿಲ್ವಾ?"

ಆಕೆ ಅನ್ನ ಕಲಸಿದಳು. ತಾನು ನುಂಗದೇ ಹೋದ ಮಾತಿನಿಂದ ತಮ್ಮನ ಹೆಸರು ಹೋಯಿತು, ತನ್ನದು ಬರಲಿಲ್ಲ. ಊರಿಗೆ ಕೇಳಿಸಿದ್ದು ಕಿವುಡನ ಸುದ್ದಿ. ಕೇಳಬಲ್ಲವಳ ಸುದ್ದಿ ಯಾರಿಗೂ ಬೇಕಾಗಿರಲಿಲ್ಲ.

ಎರಡು ತಿಂಗಳ ಮೇಲೆ ಹಳೆಯ ಗಿರಾಕಿಯೊಬ್ಬ ತನ್ನ ಸಾಮಾನಿನ ವ್ಯಾನು ತಂದ. ಬಹಳ ದಿನ ಊರಲ್ಲಿರಲಿಲ್ಲ, ಕಥೆ ಅವನಿಗೆ ಗೊತ್ತಿರಲಿಲ್ಲ. ಮೇಷ್ಟ್ರೇ, ಏನೋ ಸದ್ದು ನೋಡಿ ಎಂದ. ವ್ಯಾನಿನ ಆಚೆ ಬದಿಯ ಬಾಗಿಲು ತೆರೆದು ಹಿಡಿದು, ತಮ್ಮ ಯಾರ ಕಡೆಗೂ ನೋಡದೆ ನಿಂತ. ಅಕ್ಕ ಎದ್ದುಹೋಗಿ ಕೂತಳು. ಬ್ಯಾಗು ಗೋಡೆಯ ಮೊಳೆಯಲ್ಲೇ ನೇತಾಡುತ್ತಿತ್ತು.

ನೂರು ಗಜ ಹೋಗುವುದರೊಳಗೆ ದಾರಿಹೋಕರೆಲ್ಲ ತಿರುಗಿ ನೋಡತೊಡಗಿದರು. ಹಿಂದೆ ಬಲಗಡೆ ಸೈಲೆನ್ಸರ್ ಕಳಚಿ ರಸ್ತೆಗೆ ತಾಗಿ ಕರಕರ ಉಜ್ಜುತ್ತಿತ್ತು. ಹಾಲುಗಲ್ಲದ ಮಗುವೂ ಬೆರಳು ಮಾಡಿ ತೋರಿಸಬಹುದಾದಂಥ ಸದ್ದು. ತಮ್ಮ ಮೂಲೆ ತಿರುಗಿ, ವರ್ಕ್‌ಶಾಪ್ ಕಾಣದ ಜಾಗದಲ್ಲಿ ನಿಲ್ಲಿಸಿ, ಎಂಜಿನ್ ಆರಿಸಿದ. ಸ್ಟಿಯರಿಂಗಿನ ಮೇಲೆ ಎರಡೂ ಕೈಯಿಟ್ಟು ಎದುರಿನ ಗೋಡೆ ನೋಡುತ್ತ ಕೇಳಿದ:

"ಎಲ್ಲಿ?"

ಮೂವತ್ತು ವರ್ಷದಲ್ಲಿ ಬಾಯಿಬಿಟ್ಟು ಕೇಳಿದ್ದು ಅದೇ ಮೊದಲು. ಇದೂ ಕೇಳಿಸುತ್ತಿಲ್ಲವೇ ಎಂದು ಆಕೆ ಪಕ್ಕದಿಂದ ಅವನ ಮುಖವನ್ನೇ ನೋಡಿದಳು.

"ಸೈಲೆನ್ಸರ್" ಎಂದಳು. ಅವನು ಅಲುಗಲಿಲ್ಲ. ಇನ್ನೊಮ್ಮೆ ಜೋರಾಗಿ ಹೇಳಿದಳು. ಮೂರನೆಯ ಸಲ ಕೂಗಿದಾಗ ರಸ್ತೆಯಾಚೆಯ ಅಂಗಡಿಯವನು ಹೊರಗೆ ಬಂದು ನೋಡಿದ. ತಮ್ಮ ಮಾತ್ರ ಗೋಡೆಯನ್ನು ನೋಡುತ್ತ ಉತ್ತರಕ್ಕೆ ಕಾಯುತ್ತಲೇ ಇದ್ದ.

ಕೊನೆಗೆ ಅವನು ವ್ಯಾನು ಶುರುಮಾಡಿ ವಾಪಸು ತಂದ. ಆಕೆ ಅವನಿಗಿಂತ ಮೊದಲು ಇಳಿದು ಒಳಗೆ ಹೋಗಿ, ಮೊಳೆಯಲ್ಲಿದ್ದ ಬ್ಯಾಗು ತೆಗೆದು, ಮೇಲಿನ ಧೂಳನ್ನು ಸೆರಗಿನಿಂದ ಒರೆಸಿದಳು. ಆಮೇಲೆ ಅದನ್ನು ಬಲಗೈಯಲ್ಲಿ ಹಿಡಿದುಕೊಂಡು, ಅವನಿಗೆ ಕಾಣುವಂತೆ ಬಾಗಿಲಲ್ಲಿ ಬಂದು ನಿಂತಳು.