ಕೂಡಲಸಂಗಮಕ್ಕೆ ನಾಲ್ಕನೆಯವರು

ತಿ. ನರಸೀಪುರದಲ್ಲಿ ಗೊಬ್ಬರದ ಅಂಗಡಿ ಇಟ್ಟಿದ್ದ ಮದನ್, ಮಗಳು ಹುಟ್ಟಿದ ವರ್ಷವೇ ಒಂದು ಹಳೆಯ ಸ್ಪೋರ್ಟ್ಸ್ ಕಾರು ಕೊಂಡು ತಂದ. ಕೆಂಪು ಬಣ್ಣ, ಎರಡೇ ಬಾಗಿಲು, ಮಡಚುವ ಬಟ್ಟೆಯ ಟಾಪು. ತೊಂಬತ್ತೆಂಟರ ಡಿಸೆಂಬರಿನಲ್ಲಿ ಅದರಲ್ಲೇ ಚಿತ್ರದುರ್ಗ, ಹೊಸಪೇಟೆ ಹಾದು ಕೂಡಲಸಂಗಮ, ಬಿಜಾಪುರ ನೋಡಿ ಬರೋಣ ಎಂದು ಅವನು ಹೇಳಿದ ದಿನದಿಂದ ಹೆಂಡತಿ ಮಧುಶ್ರೀಯ ನಿದ್ದೆ ಹಾರಿಹೋಯಿತು.

ಮೈಸೂರಿನ ಕಾನ್ವೆಂಟಿನಲ್ಲಿ ಓದಿದವಳು. ಮಗು ಸೀನಿದರೆ ಥರ್ಮಾಮೀಟರು ಹುಡುಕುವವಳು. ನಂಜನಗೂಡಿನ ದರ್ಜಿ ಟಾಪಿಗೆ ತೇಪೆ ಹಾಕಿಕೊಟ್ಟಿದ್ದರೂ, ಮುಂದಿನ ಸೀಟಿನಲ್ಲಿ ಕೂತು ಬಾಗಿಲ ಸಂದಿಗೆ ಊದುಬತ್ತಿ ಹಿಡಿದು, ಹೊಗೆ ಎತ್ತ ಓಲಾಡುತ್ತದೆಂದು ಪರೀಕ್ಷಿಸಿದಳು.

"ನೋಡ್ರೀ, ಗಾಳಿ ನುಗ್ಗುತ್ತೆ. ಪಾಪೂಗೆ ಎದೆ ಕಟ್ಟಿದ್ರೆ?"

"ಕಾರಿಗೆ ಪೂಜೆ ಆಯ್ತಲ್ಲ ಬಿಡು," ಎಂದ ಮದನ್.

ಅವನ ತಾಯಿ ಚನ್ನಾಜಮ್ಮ ಜಗಲಿಯಿಂದಲೇ ಬಾಯಿ ಹಾಕಿದರು. "ಮೂರ್ ಜನ ಒಂಟ್ರೆ ಓದ ಕೆಲ್ಸ ಆಗದಿಲ್ಲ ಕಣ್ಲಾ."

ಕೂಸೂ ಲೆಕ್ಕಕ್ಕೆ ಬಂತೆಂದು ಮಧುಶ್ರೀಗೆ ಒಳಗೊಳಗೇ ಖುಷಿ. ಇಂಥ ಮಾತಿಗೆಲ್ಲ ಮೂಗು ಮುರಿಯುತ್ತಿದ್ದವಳು ಗಂಭೀರವಾಗಿ ತಲೆಯಾಡಿಸಿದಳು. "ಹಿರಿಯರು ಹೇಳ್ತಿದ್ದಾರೆ ರೀ. ಬೇಡ ಬಿಡಿ."

ಮದನ್ ಹಿತ್ತಲಿಗೆ ಹೋಗಿ ಒಂದು ಕಲ್ಲು ತಂದು ಹಿಂದಿನ ಸೀಟಿನ ಮೇಲಿಟ್ಟ. ಮೂವರು ಹೊರಡುವಾಗ ನಾಲ್ಕನೆಯ ಆಳಾಗಿ ಕಲ್ಲನ್ನು ಒಯ್ಯುವುದು ಊರಿನ ರೂಢಿ. "ತಕಳವ್ವ, ನಾಕಾಯ್ತು."

ಚನ್ನಾಜಮ್ಮನ ಮುಖ ಬಾಡಿತು. "ಆಗ್ಲಪ್ಪ. ಕಲ್ಲಾದ್ರೂ ಸಂಗಮ ನೋಡ್ಲಿ."

ಮಧುಶ್ರೀಗೆ ತಟ್ಟನೆ ಹೊಳೆಯಿತು. ಅತ್ತೆ ಯಾವತ್ತೂ ಬೇಕು ಎಂದು ಬಾಯಿಬಿಟ್ಟು ಕೇಳಿದವರಲ್ಲ. ಕಾಫಿ ಬೇಕಾದರೂ "ಆಲು ಒಡ್ದೋದಾತು ನೋಡವ್ವ" ಎನ್ನುವವರು. ಪ್ರಯಾಣ ನಿಲ್ಲಿಸಿದರೆ ಮಗುವಿಗೆ ಗಾಳಿ ತಪ್ಪುತ್ತದೆ, ಅತ್ತೆಗೆ ಸಂಗಮವೂ ತಪ್ಪುತ್ತದೆ. ಅವಳು ಕಲ್ಲನ್ನೆತ್ತಿ ಹೊರಗಿಟ್ಟಳು.

"ಕಲ್ಲು ಮಗೂನ ಎತ್ಕೊಳ್ಳಲ್ಲ ಅತ್ತೆ. ನೀವು ಬಂದ್ರೇನೇ ನಾನೂ ಬರೋದು. ಹಿಂದೆ ಪಾಪೂನ ಬೆಚ್ಚಗೆ ಇಟ್ಕೊಂಡು ಕೂತ್ಕೊಳ್ಳಿ."

"ಈ ವಯಸ್ನಲ್ಲಿ ನಂಗ್ಯಾಕವ್ವ," ಎನ್ನುತ್ತಲೇ ಚನ್ನಾಜಮ್ಮ ಒಳಗೆ ಹೋಗಿ, ಸೀರೆ, ವಿಭೂತಿ ಗಟ್ಟಿ ಎಲ್ಲ ಆಗಲೇ ತುಂಬಿಟ್ಟಿದ್ದ ಚೀಲ ತಂದರು. "ಇಂದೆ ಕೂತ್ರೆ ನಂಗೆ ವಾಂತಿ ಬತ್ತದೆ. ಮುಂದ್ಲ ಸೀಟು ನಂಗಿರ್ಲಿ."

ಕಾರಿನಲ್ಲಿ ಎಲ್ಲರೂ ಹಿಡಿಯುತ್ತೇವೆಯೇ ನೋಡೋಣವೆಂದು ಮಧುಶ್ರೀ ಮಗುವನ್ನು ತಬ್ಬಿಕೊಂಡು ಹಿಂದಕ್ಕೆ ನುಸುಳಿದಳು. ಮೊಣಕಾಲು ಗದ್ದಕ್ಕೆ ತಾಗುತ್ತಿತ್ತು. ಆದರೆ ಅಲ್ಲಿ ಗಾಳಿ ಸುಳಿಯುತ್ತಿರಲಿಲ್ಲ. ಮಗು ಬೆಚ್ಚಗೆ ಕಣ್ಣು ಮುಚ್ಚಿತು. ಅವಳು ನಿಟ್ಟುಸಿರು ಬಿಡುವಷ್ಟರಲ್ಲಿ ಮುಂದಿನಿಂದ ಅತ್ತೆಯ ದನಿ ಬಂತು.

"ಮದ, ಈ ಟಾಪು ಬಿಚ್ಚಕಾಗದಿಲ್ವಾ?"