ಕಲ್ಲುಬಾನಿಯಲ್ಲಿ ಅಣ್ಣನ ಹಡಗು

ನಾನು ಚಿಕ್ಕವನಿದ್ದಾಗ ಅಗಡಿ ಎಂಬ ನಮ್ಮ ಹಳ್ಳಿಯ ಮನೆಯಲ್ಲಿ ಸಮುದ್ರ ಕಂಡವನು ಅಣ್ಣ ಒಬ್ಬನೇ. ಸರಕು ಸಾಗಿಸುವ ಹಡಗಿನ ಇಂಜಿನ್ ಕೋಣೆಯಲ್ಲಿ ಅವನ ಕೆಲಸ. ಒಮ್ಮೆ ದಟ್ಟ ಮಂಜಿನಲ್ಲಿ ಇನ್ನೊಂದು ಹಡಗು ಬಂದು ಅವನ ಹಡಗಿನ ಪಕ್ಕೆಗೆ ಗುದ್ದಿತು. ಹಡಗು ವಾಲಿತು, ಆದರೆ ಮುಳುಗಲಿಲ್ಲ. ಅಣ್ಣ ಬದುಕಿ ಊರಿಗೆ ಬಂದ. ಅದೇ ಹಡಗಿನಲ್ಲಿದ್ದ ಅವನ ಗೆಳೆಯನೊಬ್ಬ ಉಳಿಯಲಿಲ್ಲ.

ಅಣ್ಣ ಬಂದ ಮರುದಿನ ಬೆಳಗಿನಿಂದಲೇ ಮನೆ ತುಂಬ ಜನ. ಒಳಗೆ ಚಹಾ ಕುದಿಯುವ ವಾಸನೆ, ಅಂಗಳದಲ್ಲಿ ಒಣಹಾಕಿದ್ದ ಮೆಣಸಿನಕಾಯಿಯ ಘಾಟು. ಬಂದವರೆಲ್ಲ, "ದೇವರು ದೊಡ್ಡಾಂವ, ಉಳಿಸಿದ," ಎನ್ನುತ್ತಿದ್ದರು. ಹಡಗು ಹೇಗೆ ಉಳಿಯಿತೆಂದು ಅಣ್ಣ ಹೇಳಹೊರಟರೆ ಅರ್ಧಕ್ಕೇ ತಡೆದು ಮಳೆಯ ಮಾತು, ಇಲ್ಲವೇ ಬ್ಯಾಡಗಿ ಪೇಟೆಯ ಮೆಣಸಿನಕಾಯಿ ದರದ ಮಾತು ತೆಗೆಯುತ್ತಿದ್ದರು. ಅಣ್ಣನ ಮುಖ ಬಿಗಿಯುತ್ತ ಹೋಯಿತು.

ಮಧ್ಯಾಹ್ನ ಅವನು, ಹಡಗು ಹೇಗೆ ಉಳಿಯಿತೆಂದು ಮಾಡಿಯೇ ತೋರಿಸಲು, ಹಳೆಯ ಎಣ್ಣೆ ಡಬ್ಬಿಯೊಂದನ್ನು ಉದ್ದಕ್ಕೆ ಕತ್ತರಿಸಿದ. ನಾನು ಹಿಡಿದುಕೊಂಡೆ, ತಗಡಿನ ಅಂಚು ಅಂಗೈ ಕೊರೆಯುತ್ತಿತ್ತು. ದನ ನೀರು ಕುಡಿಯುವ ಕಲ್ಲುಬಾನಿಯಲ್ಲಿ ಅದನ್ನು ತೇಲಿಬಿಟ್ಟು, ಮೊಳೆಯಿಂದ ತೂತು ಹೊಡೆ ಎಂದ. ಹೊಡೆದೆ. ನೀರು ಈ ತುದಿಯಿಂದ ಆ ತುದಿಗೆ ಹರಿದು ಡಬ್ಬಿ ತಳ ಸೇರಿತು. ಆಮೇಲೆ ಇನ್ನೊಂದು ಡಬ್ಬಿಯೊಳಗೆ ಅಡ್ಡಡ್ಡ ತಗಡಿನ ಗೋಡೆಗಳನ್ನು ನಿಲ್ಲಿಸಿ, ಸಂದಿಗೆ ಬಿಸಿ ಡಾಂಬರು ಮೆತ್ತಿದ. ಗೋಡೆಗಳು ಗಿಡ್ಡವಾಗಿದ್ದವು. ತೂತು ಹೊಡೆದಾಗ ನೀರು ಅವುಗಳ ಮೇಲಿಂದ ಹಾಯ್ದು ಅದೂ ಮುಳುಗಿತು. ಇಷ್ಟೆಲ್ಲ ಮಾಡಿಯೂ ಹೀಗಾಯಿತಲ್ಲ ಎಂದು ನನಗೆ ಅಳು ಬಂತು.

"ಅಳಬ್ಯಾಡ. ಗ್ವಾಡಿ ಇನ್ನಷ್ಟ ಎತ್ತರ ಮಾಡೂಣು," ಎಂದ ಅಣ್ಣ.

ಮುಂದಿನದರ ಗೋಡೆಗಳು ಅಂಚಿನವರೆಗೂ ಬಂದವು. ತೂತು ಬಿದ್ದ ಕೋಣೆಯಷ್ಟೇ ತುಂಬಿತು. ಡಬ್ಬಿ ಒಂದು ಕಡೆ ಜಗ್ಗಿತು, ಆದರೂ ತೇಲುತ್ತಲೇ ಇತ್ತು.

ಕಟ್ಟೆಯ ಮೇಲೆ ಕುಳಿತು ನೋಡುತ್ತಿದ್ದ ಅಪ್ಪ ಕೇಳಿದ, "ಇಷ್ಟೆಲ್ಲಾ ಗ್ವಾಡಿ ಇದ್ರ, ನಿನ್ನ ಗೆಳ್ಯಾ ಯಾಕ ಉಳೀಲಿಲ್ಲೋ?"

ಅಣ್ಣ ಡಬ್ಬಿಯೊಳಗಿನ ತಗಡಿನ ಗೋಡೆಯೊಂದನ್ನು ಮುಟ್ಟಿ ತೋರಿಸಿದ. "ಗ್ವಾಡಿ ನಡುವ ಕಬ್ಬಿಣದ ಬಾಗಲಾ ಇರತಾವಪ್ಪಾ. ಅಡ್ಡಾಡಾಕ ತ್ರಾಸ ಅಂತ ಒಂದನ್ನ ಹಗ್ಗಾ ಕಟ್ಟಿ ತಗದ ಇಟ್ಟಿದ್ರು. ಮುಚ್ಚರಿ, ಮುಚ್ಚರಿ ಅಂತ ಬಡಕೊಂಡೆ. ಯಾರೂ ಕೇಳಲಿಲ್ಲ. ನೀರು ಅದ ಬಾಗಲದಾಗ ಒಳಗ ಬಂತು. ಅಂವಾ ಅಲ್ಲೇ ಇದ್ದ. ಮುಂದಿನ ಬಾಗಲಾ ಮುಚ್ಚಿತ್ತು, ಅದಕ್ಕ ನಾವು ಉಳದ್ವಿ."

ಅಷ್ಟು ಹೇಳಿ ಕತ್ತರಿಯನ್ನು ಎಸೆದು ಹೊಲದ ಕಡೆ ನಡೆದುಬಿಟ್ಟ. ಅಪ್ಪ ಎದ್ದು ಅವನ ಹಿಂದೆ ಹೋದ.

ಮಕ್ಕಳೇ, ನೀವು ಮೊಬೈಲಿನಲ್ಲಿ ಪಕ್ಕೆ ಹರಿದ ಹಡಗು ತೇಲುವುದನ್ನು ನೋಡಿ, "ಅಜ್ಜಾ, ಇದ್ಯಾಕ ಮುಳಗಲಿಲ್ಲ?" ಎಂದು ಕೇಳುತ್ತೀರಿ. ನಾನು ಬಾಯಿ ತೆರೆಯುವಷ್ಟರಲ್ಲಿ ಮುಂದಿನ ವಿಡಿಯೊ ಬಂದಿರುತ್ತದೆ. ನಿಮ್ಮನ್ನು ಹಾವೇರಿಗೆ ಒಯ್ಯುವ ಶಾಲೆಯ ಬಸ್ಸಿನ ಹಿಂಭಾಗದಲ್ಲಿ, ಅಪಾಯವಾದರೆ ಹೊರಬರಲೆಂದೇ ಒಂದು ಬಾಗಿಲಿದೆ. ಅದರ ಮುಂದೆ ದಿನವೂ ನಿಮ್ಮ ಪಾಟಿಚೀಲಗಳ ರಾಶಿ. ಡ್ರೈವರನಿಗೆ ಹೇಳಿದರೆ, "ಏನೂ ಆಗಂಗಿಲ್ಲ ಬಿಡ್ರಿ ಅಜ್ಜಾರ," ಎಂದು ನಗುತ್ತಾನೆ. ಅಂದು ಅಣ್ಣ ಬಡಕೊಂಡಂತೆಯೇ ಹೇಳಿ ಹೇಳಿ ನನಗೆ ಸಾಕಾಗಿದೆ. ನಾಳೆಯಿಂದ ನೀವಾದರೂ ನಿಮ್ಮ ಚೀಲಗಳನ್ನು ತೊಡೆಯ ಮೇಲೆ ಇಟ್ಟುಕೊಂಡು ಕುಳಿತುಕೊಳ್ಳಿ.